ಕೋಳಿ ಆಹಾರದಲ್ಲಿ ಸಸ್ಯಮೂಲದ ಪೂರಕಗಳು: ಬೆಳವಣಿಗೆ ಮತ್ತು ಪರಾವಲಂಬಿ ನಿಯಂತ್ರಣ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಳಿ ಸಾಕುವವರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲಿಯೇ ಇಲ್ಲಿ ಕೊಟ್ಟಿದೆ. ಸರಳವಾದವು ಮೊದಲು ಬಂದಿವೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಬಹುದು. ಆದರೆ ಹಿಕ್ಕೆಯಲ್ಲಿ ರಕ್ತ ಕಂಡು ಇಲ್ಲಿಗೆ ಬಂದವರು ಉಳಿದದ್ದನ್ನು ಬಿಟ್ಟು ಮೂರನೆಯ ಭಾಗದ ಮೊದಲ ಉತ್ತರವನ್ನು ಓದಬೇಕು.

## 1. ಆರಂಭದ ಪ್ರಶ್ನೆಗಳು

ಸಸ್ಯಮೂಲದ ಪೂರಕ ಅಂದರೆ ಏನು? ನಾವು ಕೋಳಿಗೆ ಸೊಪ್ಪು ಹಾಕುತ್ತೇವಲ್ಲ, ಅದೂ ಇದೇ ತಾನೇ?

ಅಲ್ಲ. ಸೊಪ್ಪು ಆಹಾರ, ಅದರಿಂದ ಕೋಳಿಗೆ ಪ್ರೋಟೀನು, ನಾರು, ಜೀವಸತ್ವಗಳು ಸಿಗುತ್ತವೆ. ಪೂರಕವನ್ನು ಹಾಕುವುದು ಪೋಷಣೆಗಾಗಿ ಅಲ್ಲ, ಸಸ್ಯ ತನ್ನ ರಕ್ಷಣೆಗೆಂದು ತಯಾರಿಸಿಕೊಂಡ ಕೆಲವು ರಾಸಾಯನಿಕಗಳಿಗಾಗಿ, ಅದೂ ಅತ್ಯಲ್ಪ ಪ್ರಮಾಣದಲ್ಲಿ. ಒಣಗಿಸಿದ ಎಲೆ ಅಥವಾ ಬೀಜದ ಪುಡಿಯಾದರೆ ಕಿಲೋ ಆಹಾರಕ್ಕೆ ಸಾಮಾನ್ಯವಾಗಿ 5ರಿಂದ 10 ಗ್ರಾಂ, ಸುಗಂಧ ತೈಲವಾದರೆ 100ರಿಂದ 300 ಮಿಲಿಗ್ರಾಂ ಬಳಕೆಯಲ್ಲಿದೆ. ನುಗ್ಗೆಸೊಪ್ಪಿನ ಪುಡಿ ಆಹಾರ ಮತ್ತು ಪೂರಕ ಈ ಎರಡರ ನಡುವೆ ನಿಲ್ಲುತ್ತದೆ. ಅದರ ಒಣತೂಕದಲ್ಲಿ ಸುಮಾರು ಕಾಲು ಭಾಗ ಪ್ರೋಟೀನು ಇರುವುದರಿಂದ ಅದನ್ನು ಆಹಾರದ ಒಂದು ಘಟಕವೆಂದು ಲೆಕ್ಕ ಹಾಕುವುದೇ ಸರಿ, ಆದರೆ ನಾರು ಹೆಚ್ಚಾಗದಂತೆ ಶೇ. 5ರ ಒಳಗೆ ಇಟ್ಟುಕೊಳ್ಳುವುದು ಕ್ಷೇಮ.

ಆ್ಯಂಟಿಬಯೋಟಿಕ್ ಬಿಟ್ಟು ಇದನ್ನೇ ಹಾಕಿದರೆ ಕೋಳಿ ಅಷ್ಟೇ ತೂಕ ಬರುತ್ತದೆಯೇ?

ಕೊಟ್ಟಿಗೆಯ ಸ್ಥಿತಿ ಹೇಗಿದೆ ಎಂಬುದರ ಮೇಲೆ ಇದಕ್ಕೆ ಉತ್ತರವಿದೆ. ಅಲ್ಪ ಪ್ರಮಾಣದ ಆ್ಯಂಟಿಬಯೋಟಿಕ್ ಕೊಟ್ಟರೆ ಕೋಳಿ ಬೇಗ ಬೆಳೆಯುತ್ತದೆಂಬುದು 1940ರ ದಶಕದ ಕೊನೆಯಲ್ಲಿ ಗೊತ್ತಾಯಿತು, ಮುಂದಿನ ದಶಕಗಳಲ್ಲಿ ಅದು ಎಲ್ಲೆಡೆ ರೂಢಿಯಾಯಿತು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಭಯದಿಂದ ಸ್ವೀಡನ್ 1986ರಲ್ಲಿ, ಇಡೀ ಐರೋಪ್ಯ ಒಕ್ಕೂಟ 2006ರ ಜನವರಿ 1ರಿಂದ ಬೆಳವಣಿಗೆಗಾಗಿ ಆ್ಯಂಟಿಬಯೋಟಿಕ್ ಬಳಸುವುದನ್ನು ನಿಲ್ಲಿಸಿದವು. ಸಸ್ಯಪೂರಕಗಳ ಮೇಲಿನ ಆಸಕ್ತಿ ಈಗಿನ ಮಟ್ಟಕ್ಕೆ ಏರಿದ್ದು ಆ ನಂತರವೇ.

ಒಂದು ವಿಚಿತ್ರವನ್ನು ಗಮನಿಸಬೇಕು. ಆ್ಯಂಟಿಬಯೋಟಿಕ್‌ನ ಲಾಭ ಕೂಡ ಕೊಳಕು ಕೊಟ್ಟಿಗೆಯಲ್ಲಿ ಹೆಚ್ಚು, ಸ್ವಚ್ಛ ಕೊಟ್ಟಿಗೆಯಲ್ಲಿ ಕಡಿಮೆ ಕಾಣುತ್ತಿತ್ತು. ಸಸ್ಯಪೂರಕಗಳೂ ಹಾಗೆಯೇ. ಒಳ್ಳೆಯ ಆಹಾರ, ಒಣ ಹಾಸು, ಸಾಕಷ್ಟು ಗಾಳಿ ಇರುವಲ್ಲಿ ಅವುಗಳಿಂದ ತೂಕದಲ್ಲಿ ಶೇ. 2–3ರಷ್ಟು ವ್ಯತ್ಯಾಸ ಬಂದರೂ ಅದು ಒಳ್ಳೆಯ ಫಲವೇ, ಎಷ್ಟೋ ಸಲ ಏನೂ ಕಾಣುವುದಿಲ್ಲ. ತೂಕ ದುಪ್ಪಟ್ಟಾಗುತ್ತದೆ ಎಂದು ಯಾರಾದರೂ ಹೇಳಿದರೆ ಆ ಪೊಟ್ಟಣವನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು.

ಮೆಣಸಿನಪುಡಿ ಹಾಕಿದರೆ ಪಾಪ, ಮರಿಗಳ ಬಾಯಿ ಉರಿಯುವುದಿಲ್ಲವೇ?

ಉರಿಯುವುದಿಲ್ಲ. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನಮ್ಮ ನರಗಳಲ್ಲಿ ಶಾಖವನ್ನು ಗುರುತಿಸುವ ಒಂದು ಗ್ರಾಹಕವನ್ನು ಕೆರಳಿಸುತ್ತದೆ. ಹಕ್ಕಿಗಳಲ್ಲಿ ಅದೇ ಗ್ರಾಹಕ ಬಿಸಿಗೆ ಸ್ಪಂದಿಸುತ್ತದೆ, ಕ್ಯಾಪ್ಸೈಸಿನ್‌ಗೆ ಮಾತ್ರ ಬಹುಮಟ್ಟಿಗೆ ಕಿವುಡು. ಕಾಡು ಮೆಣಸಿನ ಹಣ್ಣನ್ನು ಹಕ್ಕಿಗಳು ತಿಂದು ಬೀಜ ಹರಡುವುದು ಇದರಿಂದಲೇ. ಉರಿಯುವುದು ಪುಡಿ ಬೆರೆಸುವವರ ಕಣ್ಣು.

ಎಷ್ಟು ದಿನದ ಮರಿಯಿಂದ ಶುರು ಮಾಡಬೇಕು?

ಮೊದಲ ವಾರದಲ್ಲಿ ಮರಿ ತಿನ್ನುವ ಪ್ರತಿ ಗ್ರಾಮೂ ಮುಖ್ಯ, ಏಕೆಂದರೆ ಅದರ ಕರುಳು ಆಗ ಶರೀರದ ಉಳಿದ ಭಾಗಕ್ಕಿಂತ ವೇಗವಾಗಿ ಬೆಳೆಯುತ್ತಿರುತ್ತದೆ. ಘಾಟು ವಾಸನೆಯಿಂದ ಮರಿ ಆಹಾರಕ್ಕೆ ಬಾಯಿ ಹಾಕದಿದ್ದರೆ ಪೂರಕದಿಂದ ಬರುವ ಲಾಭಕ್ಕಿಂತ ನಷ್ಟವೇ ಹೆಚ್ಚು. ಆದ್ದರಿಂದ ಮೊದಲ ವಾರ ಏನನ್ನೂ ಬೆರೆಸದೆ ಅಥವಾ ಅರ್ಧ ಪ್ರಮಾಣದಲ್ಲಿ ಬೆರೆಸಿ, ಎರಡನೆಯ ವಾರದಿಂದ ಪೂರ್ಣ ಪ್ರಮಾಣಕ್ಕೆ ಬರುವುದನ್ನು ನಾನು ಒಪ್ಪುತ್ತೇನೆ. ಪರಾವಲಂಬಿ ತಡೆಯೇ ಉದ್ದೇಶವಾಗಿದ್ದರೆ ಅದಕ್ಕಿಂತ ತಡಮಾಡಬಾರದು. ನೆಲದ ಮೇಲೆ ಬೆಳೆಯುವ ಮರಿಗಳಿಗೆ ರಕ್ತಭೇದಿಯ ಅಪಾಯ ಹೆಚ್ಚಾಗಿ ಮೂರರಿಂದ ಆರನೆಯ ವಾರದ ನಡುವೆ ಇರುತ್ತದೆ.

## 2. ಬೆಳವಣಿಗೆಯ ಬಗ್ಗೆ

ಓಂಕಾಳು, ಬೆಳ್ಳುಳ್ಳಿ, ಅರಿಶಿನ, ಈ ಮೂರರಲ್ಲಿ ಯಾವುದು ಒಳ್ಳೆಯದು?

ಮೂರರ ಕೆಲಸವೂ ಬೇರೆ ಬೇರೆ, ಹಾಗಾಗಿ ಸಾಲಿನಲ್ಲಿ ನಿಲ್ಲಿಸಿ ಒಂದನ್ನು ಆರಿಸಲು ಬರುವುದಿಲ್ಲ.

ಓಂಕಾಳಿನ ಘಾಟಿಗೆ ಮುಖ್ಯ ಕಾರಣ ಥೈಮಾಲ್. ಥೈಮ್ ಗಿಡದಲ್ಲಿಯೂ ಅದೇ ಇದೆ, ಓರೆಗಾನೋದಲ್ಲಿ ಅದರ ಸೋದರ ಕಾರ್ವಕ್ರಾಲ್ ಇದೆ. ಇವೆರಡೂ ಬ್ಯಾಕ್ಟೀರಿಯಾದ ಹೊರಪೊರೆಯೊಳಗೆ ಸೇರಿಕೊಂಡು ಅದನ್ನು ಸೋರುವಂತೆ ಮಾಡುತ್ತವೆ. ಸಸ್ಯಪೂರಕಗಳಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದ ವರ್ಗವೂ ಇದೇ, ಮೊದಲ ಸಲ ಪ್ರಯತ್ನಿಸುವವರಿಗೆ ನಾನು ಹೇಳುವುದೂ ಇದನ್ನೇ.

ಬೆಳ್ಳುಳ್ಳಿಯ ಕಥೆ ಸೂಕ್ಷ್ಮವಾದದ್ದು. ಇಡೀ ಎಸಳಿನಲ್ಲಿ ಆ ತೀಕ್ಷ್ಣ ವಸ್ತು ಇರುವುದೇ ಇಲ್ಲ. ಎಸಳನ್ನು ಜಜ್ಜಿದಾಗ ಆಲಿಯಿನ್ ಎಂಬ ವಸ್ತುವೂ ಆಲಿಯಿನೇಸ್ ಎಂಬ ಕಿಣ್ವವೂ ಒಂದನ್ನೊಂದು ಸೇರಿ ಆಲಿಸಿನ್ ಹುಟ್ಟುತ್ತದೆ. ಎಸಳನ್ನು ಮೊದಲೇ ಬೇಯಿಸಿದರೆ ಕಿಣ್ವ ಸತ್ತು ಆಲಿಸಿನ್ ಹುಟ್ಟುವುದೇ ನಿಲ್ಲುತ್ತದೆ. ಜಜ್ಜಿ ಹತ್ತು ನಿಮಿಷ ಬಿಟ್ಟು ಬೆರೆಸಬೇಕು, ಅದೇ ದಿನ ತಿನ್ನಿಸಿ ಮುಗಿಸಬೇಕು, ಏಕೆಂದರೆ ಆಲಿಸಿನ್ ಹೆಚ್ಚು ಹೊತ್ತು ಉಳಿಯುವುದಿಲ್ಲ. ವಾರಕ್ಕಾಗುವಷ್ಟು ಒಟ್ಟಿಗೆ ಜಜ್ಜಿ ಡಬ್ಬಿಯಲ್ಲಿಟ್ಟುಕೊಳ್ಳುವವರು ಕೊನೆಯ ದಿನಗಳಲ್ಲಿ ಕೋಳಿಗೆ ಕೊಡುತ್ತಿರುವುದು ಬಹುಪಾಲು ವಾಸನೆಯನ್ನು.

ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಶೇ. 2ರಿಂದ 5 ಮಾತ್ರ, ರಕ್ತಕ್ಕೆ ಸೇರುವುದು ಅದರಲ್ಲಿಯೂ ಬಹಳ ಕಡಿಮೆ. ಕರುಳಿನ ಮಟ್ಟಿಗೆ ಇದು ದೋಷವಲ್ಲ, ಏಕೆಂದರೆ ರಕ್ತಕ್ಕೆ ಹೋಗದ್ದು ಕರುಳಿನಲ್ಲಿಯೇ ಉಳಿದು ಉರಿಯೂತವನ್ನು ತಗ್ಗಿಸಲು ನೆರವಾಗುತ್ತದೆ. ಬಣ್ಣ ಬರಿಸಿದ ಪುಡಿಯಲ್ಲಿ ಸೀಸದ ಕ್ರೋಮೇಟ್ ಇರುವ ಸಾಧ್ಯತೆಯಿದೆ. ಅದು ಮೊಟ್ಟೆಯ ಮೂಲಕ ಮನುಷ್ಯರಿಗೂ ಬರಬಹುದಾದ್ದರಿಂದ ಕೊಂಬನ್ನು ತಂದು ಪುಡಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಪುಡಿಯ ಬದಲು ಎಣ್ಣೆಯನ್ನೇ ಕೊಟ್ಟರೆ ಬೇಗ ಫಲ ಸಿಗುತ್ತದೆಯೇ?

ಎಣ್ಣೆಯಲ್ಲಿ ಸತ್ವ ಸಾಂದ್ರವಾಗಿರುತ್ತದೆ, ಆದರೆ ಅದು ಹಾರಿಹೋಗುವ ವಸ್ತು. ಆಹಾರವನ್ನು ಗುಳಿಗೆಯಾಗಿಸುವ ಯಂತ್ರದಲ್ಲಿ ಶಾಖ 70ರಿಂದ 90 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ಯಂತ್ರದ ಪಕ್ಕದಲ್ಲಿ ನಿಂತಾಗ ಮೂಗಿಗೆ ಬಡಿಯುವ ಘಮಘಮವೆಲ್ಲ ಕೋಳಿಯ ಹೊಟ್ಟೆಗೆ ಸೇರಬೇಕಾಗಿದ್ದ ಎಣ್ಣೆಯೇ. ಉಳಿದದ್ದರಲ್ಲಿಯೂ ಬಹುಪಾಲು ಕರುಳಿನ ಮುಂಭಾಗದಲ್ಲಿಯೇ ಹೀರಲ್ಪಡುತ್ತದೆ, ಹಿಂಭಾಗದ ಕುರುಡುಗರುಳಿನವರೆಗೆ ತಲುಪುವುದು ಸ್ವಲ್ಪವೇ. ಕೊಬ್ಬಿನ ಅಥವಾ ಪಿಷ್ಟದ ಕವಚದೊಳಗೆ ಎಣ್ಣೆಯನ್ನಿಟ್ಟ ತಯಾರಿಕೆಗಳು ಈ ಎರಡು ತೊಂದರೆಗಳಿಗಾಗಿಯೇ ಬಂದಿವೆ.

ಕುಡಿಯುವ ನೀರಿಗೆ ಎಣ್ಣೆಯನ್ನು ಹಾಗೆಯೇ ಹನಿಸಬೇಡಿ. ಅದು ಮೇಲೆ ತೇಲುತ್ತದೆ, ಮೊದಲು ಬಂದ ನಾಲ್ಕು ಕೋಳಿಗಳ ಬಾಯಿ ಸುಡುತ್ತದೆ, ಉಳಿದವಕ್ಕೆ ಬರಿ ನೀರೇ ಸಿಗುತ್ತದೆ.

## 3. ಪರಾವಲಂಬಿಗಳ ಬಗ್ಗೆ

ಹಿಕ್ಕೆಯಲ್ಲಿ ರಕ್ತ ಬರುತ್ತಿದೆ, ಎರಡು ಮರಿ ಸತ್ತಿವೆ. ಈಗ ಯಾವ ಸೊಪ್ಪು ಕೊಡಲಿ?

ಈಗ ಸೊಪ್ಪಿನ ಸಮಯವಲ್ಲ; ಪಶುವೈದ್ಯರನ್ನು ಇಂದೇ ಕಾಣಿ, ಸತ್ತ ಮರಿಯನ್ನೂ ಕೊಂಡೊಯ್ಯಿರಿ. ಇದು ಬಹುಶಃ ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿ, ಅದರಲ್ಲಿಯೂ ಕುರುಡುಗರುಳಿಗೆ ತಗಲುವ ಐಮೀರಿಯಾ ಟೆನೆಲ್ಲಾ ಎಂಬ ಏಕಕೋಶ ಪರಾವಲಂಬಿಯದು. ಇಂಥ ಮರಿಯನ್ನು ಸೀಳಿದಾಗ ಜೋಡಿ ಕುರುಡುಗರುಳುಗಳು ಕಪ್ಪುಗೆಂಪಾಗಿ ಊದಿಕೊಂಡಿರುತ್ತವೆ, ಕತ್ತರಿಸಿದರೆ ಹೆಪ್ಪುಗಟ್ಟಿದ ರಕ್ತದ ಗಡ್ಡೆ ಹೊರಬರುತ್ತದೆ. ಒಮ್ಮೆ ನೋಡಿದವರಿಗೆ ಅದು ಮರೆಯುವಂಥದ್ದಲ್ಲ.

ರಕ್ತ ಕಾಣುವುದು ಸೋಂಕು ಹೊಟ್ಟೆಗೆ ಹೋದ ಐದಾರು ದಿನಗಳ ನಂತರ. ಅಷ್ಟರಲ್ಲಿ ಪರಾವಲಂಬಿ ಕರುಳಿನ ಗೋಡೆಯೊಳಗೆ ತಲೆಮಾರುಗಳನ್ನೇ ಬೆಳೆಸಿ ಕೋಶಗಳನ್ನು ಒಡೆದಿರುತ್ತದೆ. ಆ ಹಂತದಲ್ಲಿ ಔಷಧ ಕೊಡುವುದು ಮುಖ್ಯವಾಗಿ ಇನ್ನೂ ಹಾಸಿಗೆ ಹಿಡಿಯದ ಮರಿಗಳನ್ನು ಉಳಿಸಿಕೊಳ್ಳಲು. ಕಾಯಿಲೆಯ ಮರಿ ಆಹಾರ ಬಿಟ್ಟರೂ ನೀರು ಕುಡಿಯುತ್ತದೆ, ಹಾಗಾಗಿ ಔಷಧವನ್ನು ನೀರಿನಲ್ಲಿಯೇ ಕೊಡುತ್ತಾರೆ. ಆಹಾರದಲ್ಲಿ ಬೆರೆಸಿದ ಯಾವ ಪುಡಿಯೂ ಅದಕ್ಕೆ ತಲುಪದು. ವೈದ್ಯರು ಆಂಪ್ರೋಲಿಯಂ ಬರೆದುಕೊಟ್ಟರೆ ಆ ದಿನಗಳಲ್ಲಿ ಬಿ ಜೀವಸತ್ವದ ಟಾನಿಕ್ ಕೊಡಬೇಡಿ. ಆ ಔಷಧ ಬಿ1ರ ವೇಷ ಹಾಕಿಕೊಂಡು ಪರಾವಲಂಬಿಗೆ ಮೋಸ ಮಾಡುತ್ತದೆ, ನಿಜವಾದ ಬಿ1 ಧಾರಾಳವಾಗಿ ಸಿಕ್ಕರೆ ಆ ಮೋಸ ನಡೆಯುವುದಿಲ್ಲ.

ಕಾಕ್ಸಿಡಿಯೋಸಿಸ್ ಬರದಂತೆ ತಡೆಯಲು ಯಾವ ಸಸ್ಯಗಳಿಗೆ ನಿಜವಾದ ಆಧಾರವಿದೆ?

ಮೊದಲು ಶತ್ರುವನ್ನು ತಿಳಿದುಕೊಳ್ಳಬೇಕು. ಕೋಳಿಯಲ್ಲಿ ಐಮೀರಿಯಾದ ಏಳು ಪ್ರಭೇದಗಳನ್ನು ಬಹುಕಾಲದಿಂದ ಗುರುತಿಸಲಾಗಿದೆ, ಪ್ರತಿಯೊಂದಕ್ಕೂ ಕರುಳಿನಲ್ಲಿ ತನ್ನದೇ ಜಾಗವಿದೆ. ಅಸರ್ವುಲೈನಾ ಮುಂಭಾಗದಲ್ಲಿ, ಮ್ಯಾಕ್ಸಿಮಾ ನಡುಭಾಗದಲ್ಲಿ, ಟೆನೆಲ್ಲಾ ಕುರುಡುಗರುಳಿನಲ್ಲಿ ನೆಲೆಸುತ್ತವೆ. ಆದ್ದರಿಂದ ಒಂದು ಸಸ್ಯ ಒಂದರ ಮೇಲೆ ಕೆಲಸ ಮಾಡಿ ಇನ್ನೊಂದನ್ನು ಮುಟ್ಟದೆ ಬಿಡುವುದು ಸಾಮಾನ್ಯ. ಶೇ. 1ರಷ್ಟು ಅರಿಶಿನ ಕೊಟ್ಟ ಪ್ರಯೋಗದಲ್ಲಿ ಮ್ಯಾಕ್ಸಿಮಾದ ಹಾವಳಿ ತಗ್ಗಿತು, ಟೆನೆಲ್ಲಾ ಹಾಗೆಯೇ ಉಳಿಯಿತು. ‘ರಕ್ತಭೇದಿಗೆ ರಾಮಬಾಣ’ ಎಂಬ ಮಾತಿನಲ್ಲಿ ಯಾವ ರಕ್ತಭೇದಿ ಎಂಬ ಪ್ರಶ್ನೆ ಯಾವಾಗಲೂ ತಪ್ಪಿಹೋಗಿರುತ್ತದೆ.

ಆರ್ಟಿಮಿಸಿಯಾ ಆನ್ಯುಯಾ ಎಂಬ ಗಿಡಕ್ಕೆ ಗಟ್ಟಿಯಾದ ಆಧಾರವಿದೆ. ಮಲೇರಿಯಾದ ಔಷಧ ಆರ್ಟಿಮಿಸಿನಿನ್ ಬಂದದ್ದು ಇದರಿಂದ, ಅದನ್ನು ಬೇರ್ಪಡಿಸಿದ ಕೆಲಸಕ್ಕಾಗಿಯೇ ಚೀನಾದ ತು ಯುಯು 2015ರ ನೊಬೆಲ್ ಪಡೆದರು. ಐಮೀರಿಯಾ ಮಲೇರಿಯಾ ಪರಾವಲಂಬಿಯ ದೂರದ ಸಂಬಂಧಿ. ಆರ್ಟಿಮಿಸಿನಿನ್ ಅದರ ಕ್ಯಾಲ್ಸಿಯಂ ವ್ಯವಸ್ಥೆಗೆ ಅಡ್ಡಿಮಾಡಿ, ಹಿಕ್ಕೆಯಲ್ಲಿ ಹೊರಬೀಳುವ ಅದರ ಮೊಟ್ಟೆಯಂಥ ರೂಪವಾದ ಊಸಿಸ್ಟ್‌ನ ಗೋಡೆ ಸರಿಯಾಗಿ ಕಟ್ಟದಂತೆ ತಡೆಯುತ್ತದೆ. ಹೊರಬಿದ್ದ ಊಸಿಸ್ಟ್‌ಗಳಲ್ಲಿ ಸೋಂಕು ತಗಲಿಸುವಂತೆ ಬಲಿಯುವವು ಕಡಿಮೆಯಾಗುತ್ತವೆ. ಕೊರತೆ ಏನೆಂದರೆ, ಒಣ ಎಲೆಯಲ್ಲಿ ಆರ್ಟಿಮಿಸಿನಿನ್‌ನ ಪ್ರಮಾಣ ಶೇ. 0.1ಕ್ಕಿಂತ ಕೆಳಗಿನಿಂದ ಶೇ. 1ರ ಮೇಲಿನವರೆಗೆ ತಳಿ, ಹವೆ, ಕೊಯ್ಲಿನ ಕಾಲಕ್ಕೆ ತಕ್ಕಂತೆ ಏರಿಳಿಯುತ್ತದೆ. ಅದೇ ಕುಲದ ದವನವನ್ನೋ ಮಾಚಿಪತ್ರೆಯನ್ನೋ ಇದರ ಬದಲಿಗೆ ಹಾಕಿ ಅದೇ ಫಲ ನಿರೀಕ್ಷಿಸಬಾರದು.

ಸಾಪೊನಿನ್ ಇರುವ ಯುಕ್ಕಾ ಮತ್ತು ಕ್ವಿಲ್ಲಾಯಾ ಎಂಬ ಸಸ್ಯಗಳ ಸಾರಗಳು ಇನ್ನೊಂದು ವರ್ಗ. ನೀರಿನಲ್ಲಿ ಕದಡಿದರೆ ಅಂಟುವಾಳದಂತೆ ನೊರೆ ಬರಿಸುವ ಈ ವಸ್ತುಗಳು ಏಕಕೋಶ ಜೀವಿಗಳ ಪೊರೆಯಲ್ಲಿನ ಕೊಲೆಸ್ಟೆರಾಲ್‌ಗೆ ಅಂಟಿಕೊಂಡು ಅದನ್ನು ತೂತು ಮಾಡುತ್ತವೆ. ಯುಕ್ಕಾದಿಂದ ಕೊಟ್ಟಿಗೆಯ ಅಮೋನಿಯಾ ಘಾಟು ತಗ್ಗುವುದು ಜೊತೆಗೆ ಸಿಗುವ ಲಾಭ.

ಪೂರಕ ತಪ್ಪದೆ ಹಾಕುತ್ತಿದ್ದೇನೆ, ಆದರೂ ಪ್ರತಿ ಹಿಂಡಿನಲ್ಲಿ ರೋಗ ಬರುತ್ತಿದೆ. ಏಕೆ?

ಹಾಸನ್ನು ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಬಿಗಿಯಿರಿ, ನಂತರ ಬಿಡಿ. ಉದುರಿದರೆ ಸರಿ; ಉಂಡೆಯಾಗಿ ಕೈಯಲ್ಲಿ ಕೂತರೆ ಕಾರಣ ಅಲ್ಲಿಯೇ ಇದೆ. ಹಿಕ್ಕೆಯಲ್ಲಿ ಬಿದ್ದ ಊಸಿಸ್ಟ್ ತಕ್ಷಣಕ್ಕೆ ಸೋಂಕು ತಗಲಿಸದು. ಅದು ಬಲಿಯಲು ತೇವ, ಗಾಳಿ, ಬೆಚ್ಚಗಿನ ವಾತಾವರಣ ಬೇಕು. ಮೂರೂ ಸಿಕ್ಕರೆ ಒಂದೆರಡು ದಿನ ಸಾಕು. ನಂತರ ಅದರ ಗೋಡೆಯನ್ನು ಸಾಮಾನ್ಯ ಕ್ರಿಮಿನಾಶಕಗಳು ಭೇದಿಸಲಾರವು. ಒಂದು ಊಸಿಸ್ಟ್ ನುಂಗಿದ ಮರಿ ವಾರದೊಳಗೆ ಸಾವಿರಾರನ್ನು ಹೊರಹಾಕುತ್ತದೆ.

ನಾನು ಕಂಡ ಒಂದು ಹಿಂಡಿನಲ್ಲಿ ರೋಗ ಯಾವಾಗಲೂ ಕೊಟ್ಟಿಗೆಯ ಒಂದೇ ಮೂಲೆಯಿಂದ ಶುರುವಾಗುತ್ತಿತ್ತು. ಮೂರು ಬಗೆಯ ಪುಡಿಗಳನ್ನು ಬದಲಾಯಿಸಿ ನೋಡಿದ ಮೇಲೆ ಗೊತ್ತಾದದ್ದು, ಅಲ್ಲಿ ನೀರಿನ ಕೊಳವೆ ಬೆರಳಿನಷ್ಟು ವಾಲಿದ್ದು ಕೊನೆಯ ಎರಡು ನಿಪ್ಪಲ್‌ಗಳು ರಾತ್ರಿಯಿಡೀ ತೊಟ್ಟಿಕ್ಕುತ್ತಿದ್ದವು ಎಂದು. ನೀರಿನ ಪಾತ್ರೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕಿರಲಿ, ಸೋರಿಕೆಯನ್ನು ದಿನವೂ ನೋಡಿ, ಒದ್ದೆ ಹಾಸನ್ನು ಅಂದೇ ತೆಗೆದು ಒಣ ಹಾಸು ಹಾಕಿ.

ಜಂತುಹುಳುವಿಗೆ ಕುಂಬಳದ ಬೀಜ, ಪರಂಗಿ ಬೀಜ ಕೊಟ್ಟರೆ ಸಾಕೇ?

ಹಗುರ ಸೋಂಕಿನಲ್ಲಿ ಹುಳುಗಳ ಸಂಖ್ಯೆ ತಗ್ಗಬಹುದು, ಪೂರ್ತಿ ಹೋಗುವುದಿಲ್ಲ. ಸಿಹಿಗುಂಬಳದ ಬೀಜದಲ್ಲಿನ ಕುಕುರ್ಬಿಟಿನ್ ಮುಖ್ಯವಾಗಿ ಲಾಡಿಹುಳುವಿನ ಮೇಲೆ, ಪರಂಗಿಯ ಹಾಲಿನಲ್ಲಿರುವ ಪಪೇನ್ ದುಂಡುಹುಳುವಿನ ಹೊರಚರ್ಮದ ಮೇಲೆ ಕೆಲಸ ಮಾಡುತ್ತವೆ. ಬೀಜವನ್ನು ಇಡಿಯಾಗಿ ಹಾಕದೆ ಅರೆದು ಕೊಡಬೇಕು.

ಕೋಳಿಯ ದೊಡ್ಡ ದುಂಡುಹುಳು ಆಸ್ಕರಿಡಿಯಾ ಗ್ಯಾಲಿಯ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತವೆ, ನುಂಗಿದ ಐದರಿಂದ ಎಂಟು ವಾರಗಳಲ್ಲಿ ಹೊಸ ಹುಳು ಮೊಟ್ಟೆಯಿಡಲು ಶುರುಮಾಡುತ್ತದೆ. ಲಾಡಿಹುಳುವಂತೂ ಇರುವೆ, ಜೀರುಂಡೆಗಳ ಮೂಲಕ ಬರುತ್ತದೆ. ಕೋಳಿ ಬಡಕಲಾಗಿದ್ದು ಜುಟ್ಟು ಬಿಳಿಚಿಕೊಂಡಿದ್ದರೆ ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಬೇಕಾದ ಜಂತುನಾಶಕ ಕೊಡಿಸಿ, ಆಮೇಲೆ ಬೀಜಗಳನ್ನು ಬೆಂಬಲಕ್ಕೆ ಇಟ್ಟುಕೊಳ್ಳಬಹುದು. ಹೊಗೆಸೊಪ್ಪಿನ ಪುಡಿ ಕೊಡುವ ಹಳೆಯ ರೂಢಿಯನ್ನು ಮಾತ್ರ ಬಿಟ್ಟುಬಿಡಿ. ನಿಕೊಟಿನ್ ಹುಳುವಿಗೆ ವಿಷವಾಗುವ ಪ್ರಮಾಣಕ್ಕೂ ಕೋಳಿಗೆ ವಿಷವಾಗುವ ಪ್ರಮಾಣಕ್ಕೂ ನಡುವೆ ಹೆಚ್ಚು ಅಂತರವಿಲ್ಲ.

ಬೇವಿನ ಎಲೆ ತಿನ್ನಿಸಿದರೆ ಹೇನು, ನುಸಿ ಹೋಗುತ್ತವೆಯೇ?

ತಿನ್ನಿಸಿದರೆ ಹೋಗುವುದಿಲ್ಲ. ಕೆಂಪು ನುಸಿ ಕೋಳಿಯ ಮೈಮೇಲೆ ವಾಸಿಸುವುದೇ ಇಲ್ಲ; ಹಗಲು ಗೂಡಿನ ಸಂದುಗಳಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರಿ ಮರಳುತ್ತದೆ, ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಬೇವಿನೆಣ್ಣೆಯನ್ನು ಸಂದುಗಳಿಗೆ, ಕೋಳಿ ಕೂರುವ ಕೋಲಿನ ತಳಭಾಗಕ್ಕೆ ಬಳಿದರೆ ಉಪಯೋಗವಿದೆ. ಆಹಾರದಲ್ಲಿ ಹೆಚ್ಚು ಬೇವು ಬೆರೆಸಿದರೆ ಕಹಿಯಿಂದ ಕೋಳಿ ತಿನ್ನುವುದು ಕಡಿಮೆಯಾಗಿ ತೂಕವೂ ಮೊಟ್ಟೆಯೂ ಇಳಿಯುತ್ತವೆ.

## 4. ಪ್ರಮಾಣ ಮತ್ತು ಸುರಕ್ಷತೆ

ಗಿಡಮೂಲಿಕೆ ತಾನೇ, ಸ್ವಲ್ಪ ಹೆಚ್ಚಾದರೆ ಏನಾಗುತ್ತದೆ?

ಹಾಲೊಫ್ಯುಜಿನೋನ್ ಎಂಬ ಔಷಧದ ಕಥೆ ಇದಕ್ಕೆ ಒಳ್ಳೆಯ ಉತ್ತರ. ಚೀನಾದಲ್ಲಿ ಜ್ವರಕ್ಕೆ ಬಳಸುತ್ತಿದ್ದ ಡೈಕ್ರೋವಾ ಫೆಬ್ರಿಫ್ಯೂಗಾ ಎಂಬ ಗಿಡದ ಸತ್ವವನ್ನು ಮಾದರಿಯಾಗಿಟ್ಟುಕೊಂಡು ತಯಾರಿಸಿದ ಇದು ಕಾಕ್ಸಿಡಿಯೋಸಿಸ್‌ಗೆ ಕಿಲೋ ಆಹಾರಕ್ಕೆ ಕೇವಲ 3 ಮಿಲಿಗ್ರಾಂ ಸಾಕು. ಪ್ರಮಾಣ ಮೀರಿದರೆ ಕೋಳಿ ತಿನ್ನುವುದನ್ನು ಕಡಿಮೆ ಮಾಡುತ್ತದೆ. ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜನ್ ತಯಾರಿಕೆಗೆ ಅಡ್ಡಿಯಾಗುವುದರಿಂದ ಪುಕ್ಕ ಕೀಳುವಾಗ ಚರ್ಮ ಹರಿಯುತ್ತದೆ. ಗಿಡದಿಂದ ಬಂದ ಸತ್ವಕ್ಕೆ ಬಲವಿದ್ದರೆ ಮಿತಿಯೂ ಇರುತ್ತದೆ.

ಟ್ಯಾನಿನ್ ಹೆಚ್ಚಾದರೆ ಪ್ರೋಟೀನನ್ನು ಕಟ್ಟಿಹಾಕಿ ಜೀರ್ಣವಾಗದಂತೆ ಮಾಡುತ್ತದೆ, ಸಾಪೊನಿನ್ ಹೆಚ್ಚಾದರೆ ಕರುಳಿನ ಒಳಪದರವೇ ಕೆರಳುತ್ತದೆ. ಹರಳುಬೀಜ ಮತ್ತು ಬೆಣ್ಣೆಹಣ್ಣಿನ ಎಲೆ ಕೋಳಿಗೆ ನೇರ ವಿಷ.

ನೂರು ಕಿಲೋ ಆಹಾರಕ್ಕೆ ಅರ್ಧ ಕಿಲೋ ಪುಡಿಯನ್ನು ಸಮನಾಗಿ ಬೆರೆಸುವುದು ಹೇಗೆ?

ಮೇಲೆ ಚೆಲ್ಲಿ ಸಲಿಕೆಯಿಂದ ತಿರುವಿದರೆ ಸಮನಾಗುವುದಿಲ್ಲ. ಮೊದಲು ಅರ್ಧ ಕಿಲೋ ಪುಡಿಯನ್ನು ಅಷ್ಟೇ ತೂಕದ ಹಿಟ್ಟಿನೊಂದಿಗೆ ಕೈಯಲ್ಲಿ ಬೆರೆಸಿ, ಆ ಒಂದು ಕಿಲೋವನ್ನು ನಾಲ್ಕು ಕಿಲೋದೊಂದಿಗೆ, ಆ ಐದನ್ನು ಇಪ್ಪತ್ತರೊಂದಿಗೆ, ಕೊನೆಗೆ ಎಲ್ಲವನ್ನೂ ಉಳಿದ ಆಹಾರದೊಂದಿಗೆ ಬೆರೆಸಬೇಕು. ಅರಿಶಿನವಾದರೆ ಬಣ್ಣದ ಗೆರೆಗಳೇ ತಪ್ಪನ್ನು ತೋರಿಸಿಕೊಡುತ್ತವೆ. ಪುಡಿ ಚೆನ್ನಾಗಿ ಒಣಗಿರಬೇಕು. ಮುಗ್ಗಲು ವಾಸನೆ ಬಂದ ಪುಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಇರಬಹುದು, ಅದು ಕೋಳಿಯ ಯಕೃತ್ತಿಗೆ ಮಾಡುವ ಹಾನಿಯನ್ನು ಯಾವ ಪೂರಕವೂ ಸರಿಪಡಿಸದು.

## 5. ಮುಂದುವರಿದ ಪ್ರಶ್ನೆಗಳು

ಕಾಕ್ಸಿಡಿಯೋಸಿಸ್ ಲಸಿಕೆ ಹಾಕಿಸಿದ್ದೇನೆ. ಜೊತೆಗೆ ಇದನ್ನೂ ಕೊಡಬಹುದೇ?

ಈ ಲಸಿಕೆಯಲ್ಲಿ ಜೀವಂತ ಊಸಿಸ್ಟ್‌ಗಳೇ ಇರುತ್ತವೆ. ಮರಿ ಅವನ್ನು ನುಂಗಿ, ಹಿಕ್ಕೆಯಲ್ಲಿ ಹೊರಹಾಕಿ, ಹಾಸಿನಿಂದ ಮತ್ತೆ ಹೆಕ್ಕಿ ತಿಂದು, ಹೀಗೆ ಎರಡು ಮೂರು ಸುತ್ತು ಕಳೆದ ಮೇಲೆ ರೋಗನಿರೋಧಕ ಶಕ್ತಿ ಬರುತ್ತದೆ. ಊಸಿಸ್ಟ್‌ಗಳನ್ನು ಕೊಲ್ಲುವ ಅಥವಾ ಬಲಿಯದಂತೆ ಮಾಡುವ ಯಾವುದೇ ವಸ್ತು, ಅದು ಗಿಡದ್ದಾದರೂ, ಆ ಸುತ್ತನ್ನು ಕಡಿಯಬಹುದು. ಆರ್ಟಿಮಿಸಿಯಾದಂಥವನ್ನು ಮೊದಲ ನಾಲ್ಕು ವಾರ ದೂರವಿಡಿ. ಹಾಸು ಧೂಳೇಳುವಷ್ಟು ಒಣಗಿದರೂ ಲಸಿಕೆಯ ಊಸಿಸ್ಟ್‌ಗಳು ಬಲಿಯುವುದಿಲ್ಲ ಎಂಬುದು, ಹಾಸು ಒಣಗಿರಲಿ ಎಂದು ಹಿಂದೆ ಹೇಳಿದ ಮಾತಿಗೆ ಒಂದು ತಿದ್ದುಪಡಿ.

ಪೂರಕದಿಂದ ನನಗೆ ನಿಜವಾಗಿ ಲಾಭವಾಗಿದೆಯೇ ಎಂದು ಲೆಕ್ಕ ಹಾಕುವುದು ಹೇಗೆ?

ಹೋದ ಹಿಂಡಿಗೂ ಈ ಹಿಂಡಿಗೂ ಹೋಲಿಸಬೇಡಿ. ಹವೆ, ಮರಿಯ ಮೂಲ, ಆಹಾರ ಎಲ್ಲವೂ ಬದಲಾಗಿರುತ್ತವೆ. ಒಂದೇ ದಿನ ಬಂದ ಮರಿಗಳನ್ನು ಒಂದೇ ಕೊಟ್ಟಿಗೆಯಲ್ಲಿ ಕನಿಷ್ಠ ಆರು ಅಂಕಣಗಳಾಗಿ ವಿಂಗಡಿಸಿ, ಚೀಟಿ ಎತ್ತಿ ಮೂರಕ್ಕೆ ಪೂರಕ ಕೊಡಿ, ಮೂರಕ್ಕೆ ಕೊಡಬೇಡಿ. ಬಾಗಿಲ ಬಳಿಯ ಅಂಕಣಗಳೆಲ್ಲ ಒಂದೇ ಪಾಲಿಗೆ ಬರದಂತೆ ನೋಡಿಕೊಳ್ಳಿ. ಪ್ರತಿ ವಾರ ತೂಕ, ತಿಂದ ಆಹಾರ, ಸತ್ತ ಕೋಳಿಗಳ ಸಂಖ್ಯೆಯ ಜೊತೆಗೆ ಅವುಗಳ ತೂಕವನ್ನೂ ಬರೆದಿಡಿ.

ಪೂರಕವಿಲ್ಲದ ಪಾಲು ಒಂದು ಕಿಲೋ ತೂಕಕ್ಕೆ 1.60 ಕಿಲೋ, ಪೂರಕದ ಪಾಲು 1.55 ಕಿಲೋ ಆಹಾರ ತಿಂದಿತೆನ್ನಿ. ಎರಡು ಕಿಲೋ ಕೋಳಿಗೆ ಉಳಿದ ಆಹಾರ 100 ಗ್ರಾಂ. ಕಿಲೋಗೆ 5 ಗ್ರಾಂನಂತೆ ಅದು ತಿಂದ 3.1 ಕಿಲೋ ಆಹಾರದಲ್ಲಿ ಪೂರಕ 15.5 ಗ್ರಾಂ. ಅಂದರೆ ಪೂರಕದ ಬೆಲೆ ಆಹಾರದ ಬೆಲೆಯ ಆರೂವರೆ ಪಟ್ಟು ದಾಟಿದರೆ, ಕೋಳಿ ಚೆನ್ನಾಗಿ ಬೆಳೆದರೂ ಸಾಕಿದವರಿಗೆ ನಷ್ಟ. ಈ ಒಂದು ಲೆಕ್ಕವನ್ನು ಮಾಡದೆಯೇ ವರ್ಷಗಟ್ಟಲೆ ಪುಡಿ ಕೊಂಡವರನ್ನು ನಾನು ಬಲ್ಲೆ.

ಪರಾವಲಂಬಿ ತಡೆಯನ್ನು ಅಳೆಯಬೇಕಾದರೆ ಹಿಕ್ಕೆಯ ಪ್ರತಿ ಗ್ರಾಮಿನಲ್ಲಿರುವ ಊಸಿಸ್ಟ್‌ಗಳನ್ನು ಮ್ಯಾಕ್‌ಮಾಸ್ಟರ್ ಎಂಬ, ಸೂಕ್ಷ್ಮದರ್ಶಕದಡಿ ಎಣಿಸಲು ಗೆರೆ ಹಾಕಿದ ಗಾಜಿನಲ್ಲಿ ಎಣಿಸಬೇಕು. ಕರುಳಿನ ಗಾಯಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ, 1970ರಲ್ಲಿ ಜಾನ್ಸನ್ ಮತ್ತು ರೀಡ್ ರೂಪಿಸಿದ ಪದ್ಧತಿಯನ್ನು ಪಶುವೈದ್ಯರಿಂದ ಕಲಿತುಕೊಳ್ಳಬಹುದು.

ಸಿದ್ಧ ಪೂರಕ ಕೊಳ್ಳುವಾಗ ಚೀಟಿಯಲ್ಲಿ ಏನನ್ನು ನೋಡಬೇಕು?

ಗಿಡದ ಹೆಸರಿಗಿಂತ ಸತ್ವದ ಹೆಸರು ಮತ್ತು ಪ್ರಮಾಣವನ್ನು ನೋಡಿ. ‘ಓರೆಗಾನೋ ಇದೆ’ ಎಂಬ ಮಾತಿನಿಂದ ಏನೂ ತಿಳಿಯದು, ‘ಕಾರ್ವಕ್ರಾಲ್ ಶೇ. 5’ ಎಂದಿದ್ದರೆ ಕಿಲೋ ಆಹಾರಕ್ಕೆ ಎಷ್ಟು ಬೀಳುತ್ತದೆಂದು ನೀವೇ ಗುಣಿಸಿಕೊಳ್ಳಬಹುದು. ತಯಾರಿಸಿದ ದಿನಾಂಕ, ಬ್ಯಾಚ್ ಸಂಖ್ಯೆ, ಗುಳಿಗೆ ಯಂತ್ರದ ಶಾಖವನ್ನು ತಡೆಯುತ್ತದೆಯೇ ಎಂಬ ಹೇಳಿಕೆ ಇರಬೇಕು. ‘ಗೋಪ್ಯ ಮಿಶ್ರಣ’ ಎಂದಷ್ಟೇ ಬರೆದಿದ್ದು ಫಲ ಮಾತ್ರ ಎರಡೇ ದಿನದಲ್ಲಿ ಢಾಳಾಗಿ ಕಾಣುತ್ತಿದ್ದರೆ, ಅದರಲ್ಲಿ ಚೀಟಿಯಲ್ಲಿ ಬರೆಯದ ಔಷಧ ಬೆರೆತಿರಬಹುದೆಂದು ಅನುಮಾನಿಸಿ ಪ್ರಯೋಗಾಲಯಕ್ಕೆ ಕಳಿಸಿ.